ಮಾನ್ಯದಿಂದ ಕಾಲ್‌ಷೀಟಿಗೆ: ರಾಯದುರ್ಗ–ಮಡಕಶಿರಾ ಸೀಮೆಯ ಚರ್ಮವಾದ್ಯಗಾರರು

ಹಾಡುವವರ, ಕುಣಿಯುವವರ ಅಥವಾ ಮೆರವಣಿಗೆ ಹೊರಟ ದೇವರ ಜೊತೆಗೆ ಸಂಭಾವನೆ ಪಡೆದು ನುಡಿಸುವುದನ್ನೇ ಕಸುಬಾಗಿಸಿಕೊಂಡ ಚರ್ಮವಾದ್ಯಗಾರರು ಇಂದಿನ ಆಂಧ್ರಪ್ರದೇಶದ ಗಡಿಯ ರಾಯದುರ್ಗ ಮತ್ತು ಮಡಕಶಿರಾ ಸೀಮೆಯಲ್ಲಿ ಬಹುಕಾಲದಿಂದ ಬಾಳಿದ್ದಾರೆ. ಅವರ ಚರಿತ್ರೆಯನ್ನು ವಾದ್ಯಗಳ ಬದಲಾವಣೆಗಿಂತ ಸ್ಪಷ್ಟವಾಗಿ ಹೇಳುವುದು ಅವರಿಗೆ ಪ್ರತಿಫಲ ಸಂದ ಬಗೆ.

ಈ ಸೀಮೆಯಲ್ಲೇ, ಇಂದಿನ ಅಮರಾಪುರಂ ಮಂಡಲದ ಹೇಮಾವತಿ ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತು. ಆ ಅರಸರ ಶಾಸನಗಳಲ್ಲಿ ಬರುವ ‘ಸಮಧಿಗತ ಪಂಚಮಹಾಶಬ್ದ’ ಎಂಬ ಬಿರುದು, ಐದು ವಾದ್ಯಗಳನ್ನು ಮೊಳಗಿಸಿಕೊಂಡು ನಡೆಯುವ ಅಧಿಕಾರವನ್ನು ಸೂಚಿಸುತ್ತದೆ; ಶೃಂಗ, ಶಂಖ, ಭೇರಿ, ಜಯಘಂಟೆಗಳ ಜೊತೆಗೆ ತಮಟೆಯೂ ಆ ಐದರಲ್ಲಿ ಒಂದೆಂದು ಲಿಂಗಾಯತ ಗ್ರಂಥವಾದ ವಿವೇಕಚಿಂತಾಮಣಿಯ ಪಟ್ಟಿಯಿಂದ ತಿಳಿಯುತ್ತದೆ. ಮಡಕಶಿರಾದ ನೆರೆಯ ಹಿಂದೂಪುರದ ಬಳಿ, 16ನೆಯ ಶತಮಾನದ ಲೇಪಾಕ್ಷಿ ದೇವಾಲಯದ ನಾಟ್ಯಮಂಟಪದಲ್ಲಿ ರಂಭೆಯ ನೃತ್ಯಕ್ಕೆ ತುಂಬುರು ವೀಣೆಯನ್ನೂ ಬ್ರಹ್ಮ ಮದ್ದಲೆಯನ್ನೂ ನುಡಿಸುತ್ತಾರೆ. ಪಕ್ಕವಾದ್ಯಕ್ಕೆ ಇದಕ್ಕಿಂತ ಹಿರಿಯ ಗೌರವ ಕಲ್ಲಿನಲ್ಲಿ ದೊರೆತಿರಲಾರದು. ಆದರೆ ಊರಿನ ವಾದ್ಯಗಾರನಿಗೆ ಆ ಗೌರವ ಸಿಗಲಿಲ್ಲ ಎಂಬುದನ್ನು ಒತ್ತಿಯೇ ಹೇಳಬೇಕು.

ಊರವಾದ್ಯ ನುಡಿಸುವವರಿಗೆ ಮಾನ್ಯ, ಎಂದರೆ ಸೇವೆಗೆ ಪ್ರತಿಯಾಗಿ ಬಿಟ್ಟ ಜಮೀನು, ಇಲ್ಲವೇ ಆಯ, ಎಂದರೆ ಸುಗ್ಗಿಯಲ್ಲಿ ಕಣದಲ್ಲೇ ಅಳೆದುಕೊಡುವ ಕಾಳು ಸಲ್ಲುತ್ತಿತ್ತು. ಈ ಸೀಮೆಗೂ ನೆರೆಯ ಪಾವಗಡ, ಶಿರಾ ಕಡೆಗೂ ಸಾಮಾನ್ಯವಾದ ಉರುಮೆ ಎರಡು ಮುಖಗಳ, ನಡು ಸಣ್ಣಗಿರುವ ವಾದ್ಯ; ಒಂದು ಮುಖವನ್ನು ಕೋಲಿನಿಂದ ಬಡಿಯುತ್ತ ಇನ್ನೊಂದನ್ನು ಬಾಗಿದ ಕಡ್ಡಿಯಿಂದ ಉಜ್ಜಿದಾಗ ಮೋಡ ಗುಡುಗಿದಂತಹ ಸದ್ದು ಹೊರಡುತ್ತದೆ. ತಮಟೆಯನ್ನಾದರೋ ಹುಲ್ಲಿನ ಉರಿಗೆ ಹಿಡಿದು ಕಾಯಿಸಿ ಚರ್ಮ ಬಿಗಿಯಾದ ಮೇಲೆಯೇ ಬಾರಿಸಬೇಕು, ಇರುಳ ತಂಪಿಗೆ ಅದು ಸಡಿಲಗೊಂಡರೆ ಮತ್ತೆ ಬೆಂಕಿಯ ಬಳಿಗೆ ಹೋಗಬೇಕು. ಈ ವಾದ್ಯಗಾರರ ಸದ್ದಿಲ್ಲದೆ ದೇವರು ಹೊರಡುತ್ತಿರಲಿಲ್ಲ, ಹೆಣವೂ ಏಳುತ್ತಿರಲಿಲ್ಲ. ಆದರೂ ಅಸ್ಪೃಶ್ಯರೆಂದು ದೂರವಿಟ್ಟ ಜಾತಿಗಳಿಗೆ ಸೇರಿದ ತಮಟೆಗಾರರು ಗುಡಿಯ ಹೊಸ್ತಿಲು ದಾಟುವಂತಿರಲಿಲ್ಲ, ಕರೆ ಬಂದಾಗ ಒಲ್ಲೆನೆನ್ನುವಂತೆಯೂ ಇರಲಿಲ್ಲ. ಮಾನ್ಯವು ಅನ್ನವನ್ನು ಕೊಟ್ಟಂತೆಯೇ ಬಂಧನವನ್ನೂ ಕೊಟ್ಟಿತು.

1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಭೂಮಿಯ ಲೆಕ್ಕ ಬದಲಾಯಿತು; ಮದ್ರಾಸ್ ಪ್ರಾಂತದಲ್ಲಿ 1858ರಲ್ಲಿ ನೇಮಕವಾದ ಇನಾಂ ಆಯೋಗವು ಇಂತಹ ಜಮೀನುಗಳ ಹಕ್ಕುಗಳನ್ನು ಪರಿಶೀಲಿಸಿತು, ಆಂಧ್ರದ 1956ರ ಕಾಯಿದೆ ಇನಾಂ ಪದ್ಧತಿಯನ್ನೇ ರದ್ದುಗೊಳಿಸಿತು.

ಅಷ್ಟರೊಳಗೆ ರಾತ್ರಿಯ ಲೆಕ್ಕದ ಸಂಪಾದನೆಯ ದಾರಿಗಳೂ ತೆರೆದಿದ್ದವು. ತೊಗಲುಗೊಂಬೆಯಾಟದ ಮೇಳಗಳಲ್ಲಿ ಪರದೆಯ ಹಿಂದೆ ಮೃದಂಗ ನುಡಿಯುತ್ತಿದ್ದರೆ, ಯುದ್ಧದ ಸನ್ನಿವೇಶ ಬಂದಾಗ ಗೊಂಬೆಯಾಡಿಸುವವರು ಕಾಲಡಿಯ ಹಲಗೆಯನ್ನು ತುಳಿದು ಸದ್ದೆಬ್ಬಿಸುತ್ತಾರೆ; ಆ ಹಲಗೆಯ ಏಟಿಗೂ ಮೃದಂಗದ ಮುಕ್ತಾಯಕ್ಕೂ ಕೂದಲೆಳೆಯ ಅಂತರವೂ ಉಳಿಯದಂತೆ ನುಡಿಸುವುದು, ಎಂದರೆ ಕಣ್ಣು ಗೊಂಬೆಯ ಮೇಲಿದ್ದು ಕೈ ತಾನಾಗಿ ನಡೆಯುವುದು, ಈ ಕಸುಬಿನ ನಿಜವಾದ ವಿದ್ಯೆ. ಧರ್ಮವರಂ ಬಳಿಯ ನಿಮ್ಮಲಕುಂಟ ಇಂದಿಗೂ ಈ ಆಟದ ನೆಲೆ. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ರಾಯದುರ್ಗವು ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಬಳ್ಳಾರಿಯಲ್ಲಿ ಧರ್ಮವರಂ ಕೃಷ್ಣಮಾಚಾರ್ಯರ ಸರಸವಿನೋದಿನೀ ಸಭೆಯೂ ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆಯೂ ನಾಟಕಗಳನ್ನು ಆಡುತ್ತಿದ್ದವು. ಊರೂರು ತಿರುಗುವ ವೃತ್ತಿ ನಾಟಕ ಕಂಪನಿಗಳು ಬಂದ ಮೇಲೆ ಹಾರ್ಮೋನಿಯಂ ಪಕ್ಕದಲ್ಲಿ ತಬಲಾ ಕುಳಿತಿತು, ಅದನ್ನು ನುಡಿಸುವವನಿಗೆ ಸಂಬಳವೂ ಊಟವೂ ಗೊತ್ತಾದವು. ಅವನು ಕಂದಪದ್ಯಕ್ಕೂ ಹಾಡಿನ ಮಟ್ಟಿಗೂ ಹಾಸ್ಯಗಾರನ ಜಾರಿಬೀಳುವಿಕೆಗೂ ಒಂದೇ ರಾತ್ರಿಯಲ್ಲಿ ಕೈ ಬದಲಿಸಬೇಕಾಗಿತ್ತು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೂ, ರಾಯದುರ್ಗ ಅನಂತಪುರ ಜಿಲ್ಲೆಗೂ ಹಂಚಿಹೋದವು. ಮಡಕಶಿರಾ ಮೂರು ಕಡೆ ಕನ್ನಡನಾಡಿನಿಂದ ಸುತ್ತುವರಿದೇ ಉಳಿಯಿತು. ಗಡಿ ಕಚೇರಿಗಳನ್ನು ಬೇರೆ ಮಾಡಿದರೂ ತಾಳಕ್ಕೆ ಭಾಷೆಯ ಹಂಗಿಲ್ಲದ್ದರಿಂದ, ಎರಡೂ ಬದಿಯ ಜಾತ್ರೆ, ಮದುವೆಗಳಿಗೆ ವೀಳ್ಯ ಹಿಡಿಯುವುದು, ಎಂದರೆ ಮುಂಗಡ ಪಡೆದು ಒಪ್ಪಿಕೊಳ್ಳುವುದು, ವಾದ್ಯಗಾರರಿಗೆ ಸಹಜವೇ ಆಗಿತ್ತು.

ನುರಿತ ಕೈಗಳಿಗೆ ನಗರಗಳಲ್ಲಿ ಇನ್ನೆರಡು ಬಾಗಿಲುಗಳಿದ್ದವು. ಆಕಾಶವಾಣಿಯ ಧಾರವಾಡ (1950), ಬೆಂಗಳೂರು (1955) ಕೇಂದ್ರಗಳಲ್ಲಿ ನಿಲಯದ ಕಲಾವಿದರು ತಿಂಗಳ ಸಂಬಳಕ್ಕೆ ಶಾಸ್ತ್ರೀಯ, ಸುಗಮ, ಜಾನಪದ ಎಂಬ ಭೇದವಿಲ್ಲದೆ ನುಡಿಸಿದರು. ಕನ್ನಡ ಚಿತ್ರಗೀತೆಗಳು ದಶಕಗಳ ಕಾಲ ಮದ್ರಾಸಿನಲ್ಲೇ ಧ್ವನಿಮುದ್ರಣಗೊಳ್ಳುತ್ತಿದ್ದು, ಅಲ್ಲಿ ಕಾಲ್‌ಷೀಟ್, ಎಂದರೆ ಗೊತ್ತುಪಡಿಸಿದ ಹೊತ್ತಿನ ದುಡಿಮೆ, ಕೂಲಿಯ ಅಳತೆಯಾಗಿತ್ತು. ಸಂಗೀತ ನಿರ್ದೇಶಕ ಎಂ.ಬಿ. ಶ್ರೀನಿವಾಸನ್ ವಾದ್ಯಗಾರರ ಸಂಘ ಕಟ್ಟಿ ಕಾಲ್‌ಷೀಟಿಗೆ ನ್ಯಾಯದ ದರಕ್ಕಾಗಿ ಹೋರಾಡಿದರು. ಜಾತಿಯ ಕಟ್ಟು ಸಡಿಲಿದ ಆ ಧ್ವನಿಮುದ್ರಣದ ಕೋಣೆಯಲ್ಲಿ ಕಣದ ಕಾಳಿನ ಭರವಸೆಯೂ ಇರಲಿಲ್ಲ.

ಇತ್ತೀಚೆಗೆ ಸರ್ಕಾರದ ಮನ್ನಣೆಯೂ ದೊರೆಯತೊಡಗಿದೆ: 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಆಂಧ್ರಪ್ರದೇಶ ಸರ್ಕಾರ ತಮಟೆಯ ತೆಲುಗು ರೂಪವಾದ ಡಪ್ಪು ಕಲಾವಿದರನ್ನು ಸಾಮಾಜಿಕ ಪಿಂಚಣಿಯ ಪಟ್ಟಿಗೆ ಸೇರಿಸಿದ್ದು, 2024ರ ಜುಲೈನಿಂದ ಆ ಪಿಂಚಣಿ ತಿಂಗಳಿಗೆ 4,000 ರೂಪಾಯಿಯಾಗಿದೆ.