ಹಳೆಯ ಹಾಡಿನ ರೇಡಿಯೊ ಮತ್ತು ಉಯ್ಯಂಬಳ್ಳಿ ಸೀಮೆ

ಕನ್ನಡ ರೇಡಿಯೊದಲ್ಲಿ ಹಳೆಯ ಚಿತ್ರಗೀತೆಗಳು ಬಹುಕಾಲ ಬೆಳಿಗ್ಗೆಯೋ ರಾತ್ರಿಯೋ ಬಂದುಹೋಗುವ ಒಂದು ಕಾರ್ಯಕ್ರಮವಾಗಿಯೇ ಉಳಿದವು. ಇಡೀ ಕೇಂದ್ರವೇ ಹಳೆಯ ಹಾಡಿಗೆ ಹೊರಳುವ ಯೋಚನೆ ಖಾಸಗಿ ಎಫ್‌ಎಂ ಬಂದ ಮೇಲಿನದು. ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿಯಂಥ ಸೀಮೆಗೆ ಈ ಎರಡು ಕಾಲಗಳೂ ಒಂದೇ ತೆರನಾಗಿ ಮುಟ್ಟಲಿಲ್ಲ.

ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ ಆಕಾಶವಾಣಿ ಮುಂದೆ ಸರ್ಕಾರದ ಕೈ ಸೇರಿತು. 1955ರ ನವೆಂಬರ್ 2ರಂದು ಬೆಂಗಳೂರು ಕೇಂದ್ರ ತೆರೆಯಿತು. ಆಗ ಚಿತ್ರಗೀತೆಗೇ ಬರಗಾಲ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಸಿನಿಮಾ ಹಾಡುಗಳನ್ನು ಮೊಟಕುಗೊಳಿಸಿದ್ದರು. ಚಿತ್ರದ ಹೆಸರು ಹೇಳಿದರೆ ಜಾಹೀರಾತಾದೀತೆಂದು ಅದನ್ನೂ ನಿಲ್ಲಿಸಿದಾಗ, ನಿರ್ಮಾಪಕರು ಹಾಡು ಬಳಸಲು ಕೊಟ್ಟಿದ್ದ ಪರವಾನಗಿಯನ್ನೇ ವಾಪಸು ಪಡೆದರು. ಕೇಳುಗರು ರೇಡಿಯೊ ಸಿಲೋನಿನತ್ತ ಮುಳ್ಳು ತಿರುಗಿಸಿದರು. ಅಲ್ಲಿನ ಹಿಂದಿ ವಿಭಾಗದಲ್ಲಿ ಬೆಳಿಗ್ಗೆ ಬರುತ್ತಿದ್ದ ಹಳೆಯ ಹಾಡುಗಳ ಕಾರ್ಯಕ್ರಮ ಕೆ.ಎಲ್. ಸೈಗಲ್ ಗಾಯನದೊಂದಿಗೇ ಮುಗಿಯುತ್ತಿತ್ತು. ಕೈಬಿಟ್ಟ ಕೇಳುಗರನ್ನು ಮರಳಿ ಕರೆತರಲೆಂದು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಕೇಸ್ಕರರ ಹಟದಿಂದ ಕನ್ನಡಕ್ಕೆ ಲಾಭವೂ ಆಯಿತೆನ್ನಬೇಕು: ಚಿತ್ರಗೀತೆ ತೆರವು ಮಾಡಿದ ಜಾಗದಲ್ಲಿ ಸುಗಮ ಸಂಗೀತ ಬೆಳೆಯಿತು. ಪಿ. ಕಾಳಿಂಗರಾಯರ ಭಾವಗೀತೆಗಳು ಇಂದಿಗೂ ಪಿ.ಬಿ. ಶ್ರೀನಿವಾಸರ ಚಿತ್ರಗೀತೆಗಳ ಜೊತೆಯಲ್ಲೇ ಹಳೆಯ ಹಾಡೆನಿಸಿಕೊಳ್ಳುತ್ತವೆ.

ಹಳ್ಳಿಯಲ್ಲಿ ರೇಡಿಯೊ ಇದ್ದ ಮನೆ ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸ್ ಹಣ ಕಟ್ಟಿ, ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಜ್ ಮಧ್ಯಮ ತರಂಗ ನೆಲವನ್ನು ಅನುಸರಿಸಿ ಸಾಗುವುದರಿಂದ ಗುಡ್ಡ ಅಡ್ಡ ಬಂದರೂ ದೂರದವರೆಗೆ ಕೇಳಿಸುತ್ತದೆ. ಎಫ್‌ಎಂ ತರಂಗ ಹೆಚ್ಚುಕಡಿಮೆ ನೇರ ದೃಷ್ಟಿಯಷ್ಟೇ ದೂರ ಹೋಗುವಂಥದ್ದು. ಸಂಗಮ, ಮೇಕೆದಾಟಿನ ಕಡೆಗೆ ಇಳಿಯುವ ಉಯ್ಯಂಬಳ್ಳಿಯ ಕಾಡುಗುಡ್ಡಗಳ ಸೀಮೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್‌ಎಂ ಆಗಿ ರೇಡಿಯೊ ಸಿಟಿ ಬೆಂಗಳೂರಿನಲ್ಲಿ ಶುರುವಾಯಿತು. ಖಾಸಗಿ ಕೇಂದ್ರಗಳು ಸ್ವಂತ ಸುದ್ದಿ ಪ್ರಸಾರ ಮಾಡುವಂತಿರಲಿಲ್ಲ. ಆದ್ದರಿಂದ ಪೈಪೋಟಿಯೆಲ್ಲ ಹಾಡು ಮತ್ತು ಮಾತಿನಲ್ಲೇ ನಡೆಯಿತು. ಎಲ್ಲರೂ ಅದೇ ಹೊಸ ಹಾಡುಗಳನ್ನು ಹಾಕತೊಡಗಿದಾಗ, ಬೇರೆಯಾಗಿ ಕಾಣಲು ಉಳಿಯುವ ಸುಲಭದ ದಾರಿ ಹಳೆಯ ಹಾಡು.

ಇಂಥ ಬದಲಾವಣೆಗೆ ಹಳೆಯ ಹಾಡಿನ ಮೇಲಿನ ಪ್ರೀತಿಗಿಂತ ಜಾಹೀರಾತಿನ ಲೆಕ್ಕವೇ ಹೆಚ್ಚಿನ ಕಾರಣ. ನ್ಯೂಯಾರ್ಕಿನ ಡಬ್ಲ್ಯುಸಿಬಿಎಸ್-ಎಫ್‌ಎಂ 1972ರಲ್ಲಿ ಹಳೆಯ ಹಾಡಿಗೆ ಹೊರಳಿತು. ಕೇಳುಗರಿಗೆ ವಯಸ್ಸಾದಂತೆ ಜಾಹೀರಾತುದಾರರಿಗೆ ಅವರು ಬೇಡವಾದರು. 2005ರ ಜೂನ್‌ನಲ್ಲಿ ಕೇಂದ್ರ ಅದನ್ನು ಕೈಬಿಟ್ಟಿತು. 2007ರ ಜುಲೈನಲ್ಲಿ ಹಳೆಯ ಹಾಡು ಮರಳಿತಾದರೂ ಹಿಂದಿನ ಪಟ್ಟಿ ಮರಳಲಿಲ್ಲ. ಐವತ್ತರ ದಶಕ ಹಿಂದೆ ಸರಿದು ಎಂಬತ್ತರ ದಶಕ ಒಳಬಂತು. ಕನ್ನಡದಲ್ಲಿಯೂ ಹಳೆಯದರ ಗಡಿ ಹೀಗೆಯೇ ಸರಿದಿದೆ. 1987ರಲ್ಲಿ ಹೊಸ ಅಲೆಯೆನಿಸಿದ ಹಂಸಲೇಖರ ‘ಪ್ರೇಮಲೋಕ’ದ ಹಾಡುಗಳು ಈಗ ಹಳೆಯ ಹಾಡುಗಳ ಲೆಕ್ಕಕ್ಕೆ ಸೇರಿವೆ.