ಪೊಲೀಸಪ್ಪನ ಮಕ್ಕಳು

1964ರ ಜುಲೈ 2. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಪ್ರೂಯಿಟ್-ಐಗೋ ಅಂತ ಒಂದು ದೊಡ್ಡ ವಸತಿ ಸಮುಚ್ಚಯ ಇತ್ತು. 11 ಅಂತಸ್ತಿನ 33 ಕಟ್ಟಡಗಳು, ಬಡವರಿಗೆ ಅಂತ ಸರ್ಕಾರ ಕಟ್ಟಿಸಿದ್ದು. ಹೊತ್ತು ಹೋದಂತೆ ಅಲ್ಲಿ ಉಳಿದವರು ಬಹುತೇಕ ಕಪ್ಪು ಜನ. ಲಿಫ್ಟು ಕೆಟ್ಟರೆ ರಿಪೇರಿ ಇಲ್ಲ, ಗಾಜು ಒಡೆದರೆ ಕೇಳೋರಿಲ್ಲ. ಆವತ್ತು ಅಪಹರಣದ ಆರೋಪಿಯೊಬ್ಬನ ಬೆನ್ನು ಹತ್ತಿ ಅಲ್ಲಿಗೆ ಹೋದ ಪಾಲ್ ಮೆಕಲಕ್ ಅನ್ನೋ ಪೊಲೀಸ್ ಅಧಿಕಾರಿ ಗುಂಡೇಟಿಗೆ ಸತ್ತರು. ಕೊಂದವನು ಕಪ್ಪು ಜನಾಂಗದವನು. ಪಾಲ್ ಅವರ ಮಗ ರಾಬರ್ಟ್‌ಗೆ ಆಗ 12 ವರ್ಷ.

ಆ ಮನೆಯೇ ಪೊಲೀಸ್ ಮನೆ. ತಾಯಿ ಅದೇ ಇಲಾಖೆಯಲ್ಲಿ ಗುಮಾಸ್ತೆ. ಅಣ್ಣತಮ್ಮ, ಚಿಕ್ಕಪ್ಪ, ದಾಯಾದಿ ಎಲ್ಲ ಅದೇ ಖಾಕಿ (ಅಲ್ಲಿ ನೀಲಿ ಅನ್ನಿ). ರಾಬರ್ಟ್‌ಗೂ ಪೊಲೀಸ್ ಆಗೋ ಆಸೆ ಇತ್ತು. ಆದರೆ ಹೈಸ್ಕೂಲಿನಲ್ಲಿದ್ದಾಗಲೇ ಕ್ಯಾನ್ಸರ್ ಬಂದು ಒಂದು ಕಾಲು ಕತ್ತರಿಸಬೇಕಾಯಿತು. ಪೊಲೀಸ್ ಆಗೋದಕ್ಕೆ ಆಗಲಿಲ್ಲ, ಅದಕ್ಕೆ ತೀರಾ ಹತ್ತಿರದ್ದು ಅಂದ್ರೆ ಪ್ರಾಸಿಕ್ಯೂಟರ್ ಕೆಲಸ ಅನ್ನೋ ಅರ್ಥದ ಮಾತನ್ನ ಮುಂದೆ ಅವರೇ ಪತ್ರಿಕೆಯವರ ಹತ್ತಿರ ಹೇಳಿದ್ದರು. 1991ರಿಂದ ಸೇಂಟ್ ಲೂಯಿಸ್ ಕೌಂಟಿಯ ಪ್ರಾಸಿಕ್ಯೂಟರ್ ಆಗಿ ಕೂತವರು 28 ವರ್ಷ ಆ ಕುರ್ಚಿ ಬಿಡಲಿಲ್ಲ. (ಆ 1991ರಲ್ಲೇ ಗನ್ಸ್ ಅಂಡ್ ರೋಸಸ್ ಬ್ಯಾಂಡಿನ ಆಕ್ಸೆಲ್ ರೋಸ್ ಅಲ್ಲಿನ ಕಾರ್ಯಕ್ರಮದಲ್ಲಿ ಗಲಾಟೆ ಎಬ್ಬಿಸಿದಾಗ ಕೇಸು ಜಡಿದವರೂ ಇವರೇ.)

2014ರ ಆಗಸ್ಟ್ 9ರಂದು ಇದೇ ಕೌಂಟಿಯ ಫರ್ಗ್ಯುಸನ್ ಅನ್ನೋ ಸಣ್ಣ ಊರಿನಲ್ಲಿ ಡ್ಯಾರೆನ್ ವಿಲ್ಸನ್ ಎಂಬ ಬಿಳಿಯ ಪೊಲೀಸ್, ಮೈಕೆಲ್ ಬ್ರೌನ್ ಎಂಬ 18 ವರ್ಷದ ಕಪ್ಪು ಹುಡುಗನ ಮೇಲೆ 12 ಗುಂಡು ಹಾರಿಸಿದ. ಹುಡುಗನ ಕೈಯಲ್ಲಿ ಆಯುಧ ಇರಲಿಲ್ಲ. ಹೆಣ ನಾಲ್ಕು ಗಂಟೆ ಹೊತ್ತು ನಡುರಸ್ತೆಯಲ್ಲೇ ಬಿದ್ದಿತ್ತು. ಆಗಸ್ಟ್ ತಿಂಗಳ ಬಿಸಿಲು, ಸುತ್ತ ಮನೆಗಳು, ಜನ ನೋಡ್ತಾ ನಿಂತಿದ್ದಾರೆ. ಆಮೇಲೆ ಊರು ಹೊತ್ತಿ ಉರಿದಿದ್ದು, ಬೀದಿಗೆ ಕವಚದ ಗಾಡಿಗಳು ಬಂದಿದ್ದು ಎಲ್ಲ ನಾವು ಟಿವಿಯಲ್ಲಿ ನೋಡಿದ್ದೇವೆ. ವಿಲ್ಸನ್ ಮೇಲೆ ಕೇಸು ಹಾಕಬೇಕೋ ಬೇಡವೋ ಅನ್ನೋ ಪ್ರಶ್ನೆ ಬಂದು ನಿಂತಿದ್ದು ರಾಬರ್ಟ್ ಮೆಕಲಕ್ ಅವರ ಟೇಬಲ್ಲಿನ ಮೇಲೆ.

ಇಲ್ಲಿ ಅಲ್ಲಿನ ವ್ಯವಸ್ಥೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಜಗಳ ಏನು ಅಂತ ಗೊತ್ತಾಗಲ್ಲ. ನಮ್ಮಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್ ಅಂದ್ರೆ ಸರ್ಕಾರ ನೇಮಿಸೋ ವಕೀಲ. ಚಾರ್ಜ್‌ಶೀಟ್ ಹಾಕೋದು ಪೊಲೀಸರು, ಆಮೇಲೆ ಕೋರ್ಟಿನಲ್ಲಿ ವಾದ ಮಾಡೋದು ಇವರು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಕೌಂಟಿಯ ಪ್ರಾಸಿಕ್ಯೂಟರ್ ಓಟು ಕೇಳಿ ಗೆದ್ದು ಬರಬೇಕು. ಯಾರ ಮೇಲೆ ಕೇಸು, ಯಾವ ಸೆಕ್ಷನ್ನು, ಯಾರನ್ನ ಬಿಡೋದು ಎಲ್ಲ ಅವರ ಕೈಯಲ್ಲಿ. ದಿನಬೆಳಗಾದರೆ ಕೆಲಸ ಪೊಲೀಸರ ಜೊತೆ. ಸಾಕ್ಷಿ ತರೋರು ಪೊಲೀಸರು, ಕೋರ್ಟಿನಲ್ಲಿ ಹೇಳಿಕೆ ಕೊಡೋರು ಪೊಲೀಸರು, ಚುನಾವಣೆ ಬಂದಾಗ ಬೆಂಬಲದ ಪತ್ರ ಕೊಡೋದು ಪೊಲೀಸರ ಯೂನಿಯನ್ನು. ಹೀಗಿರೋವಾಗ ಪೊಲೀಸನೇ ಆರೋಪಿಯಾಗಿ ಬಂದರೆ?

ಹಳ್ಳಿಯಲ್ಲಿ ಬೆಳೆದವರಿಗೆ ಇದು ಹೊಸ ಪ್ರಶ್ನೆ ಅಲ್ಲ. ಬದು ಒತ್ತುವರಿಯ ಜಗಳಕ್ಕೆ ಪಂಚಾಯ್ತಿ ಸೇರಿದರೆ, ನಿನ್ನೆ ತಾನೇ ತನ್ನ ಬದು ಕಳಕೊಂಡ ಗೌಡರನ್ನ ನ್ಯಾಯ ಹೇಳೋಕೆ ಕೂರಿಸಿದರೆ ಎದುರು ಪಾರ್ಟಿ ಸುಮ್ಮನಿರುತ್ತಾ? ಗೌಡರು ಎಷ್ಟೇ ಸಾಚಾ ಆಗಿರಲಿ, ಕಟ್ಟೆಯ ಮೇಲಿಂದ ಇಳೀರಿ ಅಂತಾರೆ. ಮೆಕಲಕ್ ಅವರಿಗೂ ಜನ ಕೇಳಿದ್ದು ಅದನ್ನೇ. ಸಾವಿರಾರು ಜನ ಸಹಿ ಹಾಕಿದರು. ರಾಜ್ಯದ ಸೆನೆಟ್ ಸದಸ್ಯೆ ಜಮೀಲಾ ನಶೀದ್ ಮುಂದೆ ನಿಂತರು. ಮೆಕಲಕ್ ಒಪ್ಪಲಿಲ್ಲ. ಅಪ್ಪನ ಸಾವು ತನ್ನನ್ನ ಅಪರಾಧಕ್ಕೆ ಬಲಿಯಾದವರ ಪರ ನಿಲ್ಲುವಂತೆ ಮಾಡಿದೆಯೇ ಹೊರತು ಕಣ್ಣು ಕಟ್ಟಿಲ್ಲ ಅನ್ನೋದು ಅವರ ವಾದ. ಬೇಕಾದರೆ ಗವರ್ನರ್ ಜೇ ನಿಕ್ಸನ್ ಅವರೇ ಧೈರ್ಯ ಮಾಡಿ ತೆಗೆದುಹಾಕಲಿ ಅಂತ ಸವಾಲನ್ನೂ ಎಸೆದರು. ನಿಕ್ಸನ್ ತೆಗೆಯಲಿಲ್ಲ.

ಸ್ವಾರಸ್ಯ ಏನು ಅಂದ್ರೆ, ಅಮೆರಿಕದ ಕೋರ್ಟುಗಳು ಈ ಪ್ರಶ್ನೆಯನ್ನ ದಿನಾ ಕೇಳುತ್ತವೆ, ಪ್ರಾಸಿಕ್ಯೂಟರನ್ನಲ್ಲ, ಜ್ಯೂರಿ ಸದಸ್ಯರನ್ನ. ವಿಚಾರಣೆಗೆ ಮುಂಚೆ ಜ್ಯೂರಿ ಆರಿಸುವಾಗ ಒಬ್ಬೊಬ್ಬರನ್ನೂ ವಿಚಾರಿಸುತ್ತಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಪೊಲೀಸ್ ಇದ್ದಾರಾ? ನಿಮ್ಮವರು ಯಾರಾದರೂ ಕೊಲೆಯಾಗಿದ್ದಾರಾ? ಹೌದು ಅಂದರೆ ವಕೀಲರು ಅವರನ್ನ ಪಟ್ಟಿಯಿಂದ ಕೈಬಿಡಿಸಬಹುದು. ಅಪ್ಪ ಕರ್ತವ್ಯದಲ್ಲಿ ಗುಂಡೇಟು ತಿಂದು ಸತ್ತ ಪೊಲೀಸ್, ಮನೆಯವರೆಲ್ಲ ಪೊಲೀಸ್ ಅಂತ ಒಬ್ಬ ಜ್ಯೂರಿ ಸದಸ್ಯ ಹೇಳಿದ್ದರೆ ಆತ ಇಂಥ ಕೇಸಿನಲ್ಲಿ ಕೂರೋದು ಬಹಳ ಕಷ್ಟ. ಆದರೆ ಕೇಸು ಹುಟ್ಟಬೇಕೋ ಬೇಡವೋ ಅಂತ ತೀರ್ಮಾನಿಸುವ ಮನುಷ್ಯನಿಗೆ ಆ ಪ್ರಶ್ನೆ ಕಡ್ಡಾಯ ಅಲ್ಲ. ಮಿಸೌರಿಯ ಕಾನೂನು ಪ್ರಾಸಿಕ್ಯೂಟರ್‌ಗೆ ಕಕ್ಷಿದಾರರ ಜೊತೆ ನೆಂಟಸ್ತಿಕೆ ಇದೆಯಾ, ಕೇಸಿನಲ್ಲಿ ಹಿತಾಸಕ್ತಿ ಇದೆಯಾ ಅಂತ ನೋಡುತ್ತೆ. ಐವತ್ತು ವರ್ಷದ ಹಿಂದಿನ ಒಂದು ಸಾವು ಆ ಲೆಕ್ಕಕ್ಕೆ ಸಿಗೋದೇ ಇಲ್ಲ.

ಮೆಕಲಕ್ ಕೇಸನ್ನ ಗ್ರ್ಯಾಂಡ್ ಜ್ಯೂರಿ ಮುಂದೆ ಇಟ್ಟರು. ಇದು ತೀರ್ಪು ಕೊಡೋ ಜ್ಯೂರಿ ಅಲ್ಲ, ದೋಷಾರೋಪ ಹೊರಿಸುವಷ್ಟು ಆಧಾರ ಇದೆಯಾ ಅಂತ ಮಾತ್ರ ನೋಡೋ 12 ಜನರ ಗುಂಪು. ಬಾಗಿಲು ಹಾಕಿಕೊಂಡು ನಡೆಯುತ್ತೆ, ಜಡ್ಜ್ ಇರಲ್ಲ, ಆರೋಪಿ ಪರ ವಕೀಲರು ವಾದ ಮಾಡಲ್ಲ. ಸಾಮಾನ್ಯವಾಗಿ ಪ್ರಾಸಿಕ್ಯೂಟರ್ ನಾಲ್ಕು ಸಾಕ್ಷಿ ತೋರಿಸಿ, ಈ ಆರೋಪ ಹೊರಿಸಿ ಅಂತ ಕೇಳ್ತಾರೆ, ಅವರು ಹೊರಿಸ್ತಾರೆ. 2010ರಲ್ಲಿ ಫೆಡರಲ್ ಪ್ರಾಸಿಕ್ಯೂಟರ್‌ಗಳು ನಡೆಸಿದ ಸುಮಾರು 1,62,000 ಕೇಸುಗಳಲ್ಲಿ ಗ್ರ್ಯಾಂಡ್ ಜ್ಯೂರಿ ಒಲ್ಲೆ ಅಂದಿದ್ದು 11ರಲ್ಲಿ. ಇದು ರಾಜ್ಯದ್ದಲ್ಲ, ಫೆಡರಲ್ ಲೆಕ್ಕ, ಪೊಲೀಸ್ ಗುಂಡಿನ ಕೇಸುಗಳದ್ದೂ ಅಲ್ಲ. ಆದರೂ ಗಾಳಿ ಯಾವ ಕಡೆ ಬೀಸುತ್ತೆ ಅಂತ ಗೊತ್ತಾಗುತ್ತೆ.

ಫರ್ಗ್ಯುಸನ್ ಕೇಸಿನಲ್ಲಿ ಹಾಗೆ ಆಗಲಿಲ್ಲ. ಪ್ರಾಸಿಕ್ಯೂಟರ್ ಇಂಥ ಆರೋಪ ಹೊರಿಸಿ ಅಂತ ಕೇಳಲೇ ಇಲ್ಲ. 60 ಸಾಕ್ಷಿಗಳು, 70 ಗಂಟೆಗೂ ಮೀರಿದ ಹೇಳಿಕೆಗಳು. ಇದ್ದಬದ್ದದ್ದೆಲ್ಲ ಮುಂದೆ ಸುರಿದು, ನೀವೇ ನೋಡ್ಕೊಳ್ಳಿ ಅಂದರು. ಜ್ಯೂರಿಯಲ್ಲಿ 9 ಬಿಳಿಯರು, 3 ಕಪ್ಪು ಜನ. ಆರೋಪ ಹೊರಿಸೋಕೆ 9 ಓಟು ಬೇಕು. ಸೆಪ್ಟೆಂಬರ್ 16ರಂದು ವಿಲ್ಸನ್ ಸ್ವತಃ ಬಂದು ನಾಲ್ಕು ಗಂಟೆ ಹೊತ್ತು ತನ್ನ ಕಥೆ ಹೇಳಿದ. ಬ್ರೌನ್ ಕಾರಿನೊಳಗೆ ಕೈ ಹಾಕಿ ಹೊಡೆದ, ಬಂದೂಕಿಗೆ ಕೈ ಹಾಕಿದ, ಆಮೇಲೆ ಮೈಮೇಲೆ ನುಗ್ಗಿ ಬಂದ ಅಂತ. ಅವನಿಗೆ ಕೇಳಿದ ಪ್ರಶ್ನೆಗಳು ಬೇರೆ ಕೆಲವು ಸಾಕ್ಷಿಗಳಿಗೆ ಕೇಳಿದಷ್ಟು ಖಾರವಾಗಿರಲಿಲ್ಲ.

ನನಗೆ ತುಂಬಾ ಕಾಡಿದ್ದು ಇನ್ನೊಂದು ವಿಷಯ. ವಿಲ್ಸನ್ ಹೇಳಿಕೆಗೆ ಮುಂಚೆ ಮೆಕಲಕ್ ಕಚೇರಿಯ ವಕೀಲರು ಜ್ಯೂರಿಗೆ ಮಿಸೌರಿಯ 1979ರ ಒಂದು ಕಾನೂನಿನ ಪ್ರತಿ ಹಂಚಿದರು. ಓಡಿಹೋಗೋ ಅಪರಾಧಿಯನ್ನ ಹಿಡಿಯೋಕೆ ಪೊಲೀಸ್ ಗುಂಡು ಹಾರಿಸಬಹುದು ಅನ್ನೋದು ಅದು. ಆದರೆ ಬರೀ ಓಡಿಹೋಗ್ತಿದ್ದಾನೆ ಅನ್ನೋ ಕಾರಣಕ್ಕೆ ಗುಂಡು ಹೊಡೆಯೋ ಹಾಗಿಲ್ಲ, ಅವನಿಂದ ಯಾರಿಗಾದರೂ ಜೀವಾಪಾಯ ಇರಬೇಕು ಅಂತ 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿತ್ತು. ಮೆಂಫಿಸ್‌ನಲ್ಲಿ ಬೇಲಿ ಹತ್ತುತ್ತಿದ್ದ 15 ವರ್ಷದ ಎಡ್ವರ್ಡ್ ಗಾರ್ನರ್ ಎಂಬ ಹುಡುಗನನ್ನ ಪೊಲೀಸ್ ಹಿಂದಿನಿಂದ ಹೊಡೆದ ಕೇಸು ಅದು. ಅಂದರೆ ಜ್ಯೂರಿಯ ಕೈಯಲ್ಲಿದ್ದದ್ದು 29 ವರ್ಷದ ಹಿಂದೆಯೇ ಸತ್ತ ನಿಯಮ. ತಿದ್ದಿದ್ದು ನವೆಂಬರ್‌ನಲ್ಲಿ, ತೀರ್ಮಾನಕ್ಕೆ ಇನ್ನೇನು ಮೂರು ದಿನ ಇದೆ ಅನ್ನುವಾಗ. ಸಾಫ್ಟ್‌ವೇರ್ ಕೆಲಸ ಮಾಡೋರಿಗೆ ಗೊತ್ತು, ಹಳೇ ವರ್ಷನ್ನಿನ ಡಾಕ್ಯುಮೆಂಟ್ ಹಿಡಿದು ಎರಡು ತಿಂಗಳು ಟೆಸ್ಟ್ ಮಾಡಿಸಿ, ರಿಲೀಸಿನ ಹಿಂದಿನ ದಿನ ಹೊಸದು ಕೊಟ್ಟರೆ ಆ ಟೆಸ್ಟಿಗೆ ಏನು ಬೆಲೆ ಅಂತ.

ನವೆಂಬರ್ 24ರ ರಾತ್ರಿ ಮೆಕಲಕ್ ಟಿವಿ ಮುಂದೆ ಬಂದು, ದೋಷಾರೋಪ ಇಲ್ಲ ಅಂದರು. ಸೋಷಿಯಲ್ ಮೀಡಿಯಾವನ್ನೂ 24 ಗಂಟೆಯ ನ್ಯೂಸ್ ಚಾನೆಲ್ಲುಗಳನ್ನೂ ಬೈದರು. ಆ ರಾತ್ರಿ ಫರ್ಗ್ಯುಸನ್ ಮತ್ತೆ ಹೊತ್ತಿ ಉರಿಯಿತು. ಮಾರನೇ ತಿಂಗಳು ರೇಡಿಯೋದಲ್ಲಿ ಮಾತಾಡ್ತಾ, ಕೆಲವು ಸಾಕ್ಷಿಗಳು ಸುಳ್ಳು ಹೇಳ್ತಿದ್ದಾರೆ ಅಂತ ಗೊತ್ತಿದ್ದೂ ಜ್ಯೂರಿ ಮುಂದೆ ಬಿಟ್ಟೆ ಅಂತ ತಾವೇ ಒಪ್ಪಿಕೊಂಡರು. ಜ್ಯೂರಿಯ ಒಬ್ಬ ಸದಸ್ಯರು ಹೆಸರು ಮುಚ್ಚಿಟ್ಟು ಅವರ ಮೇಲೆ ದಾವೆ ಹೂಡಿ, ಈ ಕೇಸನ್ನ ಬೇರೆ ಕೇಸುಗಳ ಥರ ನಡೆಸಲಿಲ್ಲ ಅಂದರು. ಅವರ ಪರವಾಗಿ ಒಂದು ಮಾತು ಹೇಳಲೇಬೇಕು: ಸಾಮಾನ್ಯವಾಗಿ ಗುಟ್ಟಾಗಿ ಇಡೋ ಆ ಸಾವಿರಾರು ಪುಟದ ದಾಖಲೆಯನ್ನ ಮೆಕಲಕ್ ಹೊರಗೆ ಬಿಟ್ಟರು. ಅದಿಲ್ಲದಿದ್ದರೆ ಮೇಲೆ ಹೇಳಿದ್ದರಲ್ಲಿ ಅರ್ಧ ಯಾರಿಗೂ ಗೊತ್ತಾಗ್ತಿರಲಿಲ್ಲ.

ಹಾಗಾದರೆ ಅಪ್ಪನ ಸಾವು ಮಗನ ಕೈಯನ್ನ ಎಳೆಯಿತಾ? ಅಲ್ಲಿಗೇ ನಿಂತುಬಿಟ್ಟರೆ ಕಥೆ ಸಿನಿಮಾ ಥರ ಚೆನ್ನಾಗಿರುತ್ತೆ. ಆದರೆ ಮುಂದಿನ ದಾಖಲೆಗಳು ಅಷ್ಟು ಸುಲಭಕ್ಕೆ ಬಿಡಲ್ಲ.

2015ರ ಮಾರ್ಚ್ 4ರಂದು ಒಬಾಮ ಸರ್ಕಾರದ ನ್ಯಾಯ ಇಲಾಖೆ ಎರಡು ವರದಿ ಕೊಟ್ಟಿತು. ಒಂದರಲ್ಲಿ ಫರ್ಗ್ಯುಸನ್ ಪೊಲೀಸರ ಬಣ್ಣ ಬಯಲು: ಕಪ್ಪು ಜನರನ್ನ ಗುರಿ ಮಾಡಿ ದಂಡ ಹಾಕಿ ಊರಿನ ಖಜಾನೆ ತುಂಬಿಸುತ್ತಿದ್ದರು ಅಂತ. ಇನ್ನೊಂದರಲ್ಲಿ ವಿಲ್ಸನ್ ಮೇಲೆ ಫೆಡರಲ್ ಕೇಸು ನಿಲ್ಲಲ್ಲ, ಬ್ರೌನ್ ಕೈಯೆತ್ತಿ ಶರಣಾಗಿದ್ದ ಅನ್ನೋ ಹೇಳಿಕೆಗಳು ನಂಬುವಂತಿಲ್ಲ ಅಂತ. ಮೆಕಲಕ್ ಮನೆಯ ಇತಿಹಾಸಕ್ಕೂ ಈ ತನಿಖೆಗೂ ಯಾವ ಸಂಬಂಧವೂ ಇಲ್ಲ, ಆದರೂ ವಿಲ್ಸನ್ ವಿಷಯದಲ್ಲಿ ತಲುಪಿದ ಜಾಗ ಒಂದೇ.

ಹಿಂದಕ್ಕೆ ಹೋದರೆ 2000ದಲ್ಲಿ ಇನ್ನೊಂದು ಕೇಸು ಇದೆ. ಒಂದು ಫಾಸ್ಟ್‌ಫುಡ್ ಅಂಗಡಿಯ ಪಾರ್ಕಿಂಗ್‌ನಲ್ಲಿ ಇಬ್ಬರು ಪೊಲೀಸರು 21 ಗುಂಡು ಹಾರಿಸಿ, ಕಾರಿನಲ್ಲಿದ್ದ ಇಬ್ಬರು ನಿರಾಯುಧ ಕಪ್ಪು ಜನರನ್ನ ಕೊಂದರು. ಕಾರು ನಮ್ಮ ಮೇಲೆ ನುಗ್ಗಿತು ಅನ್ನೋದು ಅವರ ಮಾತು. ಗ್ರ್ಯಾಂಡ್ ಜ್ಯೂರಿ ಬಿಟ್ಟುಬಿಟ್ಟಿತು. ಕಾರು ಮುಂದಕ್ಕೆ ಬಂದೇ ಇರಲಿಲ್ಲ ಅಂತ ಆಮೇಲೆ ಫೆಡರಲ್ ತನಿಖೆ ಹೇಳಿತು, ಆದರೂ ಕೇಸು ಹಾಕಲಿಲ್ಲ. ಸಾಕ್ಷಿಗಳೆಲ್ಲ ಕಾರು ಮುಂದೆ ಬಂತು ಅಂದಿದ್ದಾರೆ ಅಂತ ಮೆಕಲಕ್ ಹೇಳಿಕೊಂಡಿದ್ದರು. ಸ್ಥಳೀಯ ಪತ್ರಿಕೆ ದಾಖಲೆ ತೆಗೆಸಿ ನೋಡಿದರೆ ಹೆಚ್ಚಿನವರು ಹಾಗೆ ಹೇಳಿರಲಿಲ್ಲ. ಸತ್ತ ಇಬ್ಬರ ಬಗ್ಗೆ ಅವರು ಬಳಸಿದ ಪದ, ನಮ್ಮ ಭಾಷೆಯಲ್ಲಿ ದಂಡಪಿಂಡಗಳು ಅಂದಹಾಗೆ. ನನಗೆ ಅಪ್ಪನ ಸಾವಿಗಿಂತ ಇದು ದೊಡ್ಡ ಸುಳಿವು ಅನ್ನಿಸುತ್ತೆ. 2014ರ ಆಗಸ್ಟ್‌ನಲ್ಲಿ ಫರ್ಗ್ಯುಸನ್ ಬೀದಿಯ ಉಸ್ತುವಾರಿಯನ್ನ ಗವರ್ನರ್ ಕೌಂಟಿ ಪೊಲೀಸರ ಕೈಯಿಂದ ಕಿತ್ತು ಹೈವೇ ಪಟ್ರೋಲ್‌ಗೆ ಕೊಟ್ಟಾಗ, ಇದು ಪೊಲೀಸರಿಗೆ ಮಾಡಿದ ಅವಮಾನ ಅಂತ ಬಹಿರಂಗವಾಗಿ ಸಿಟ್ಟಾದವರೂ ಮೆಕಲಕ್ ಅವರೇ. ಅಲ್ಲಿ ಮಾತಾಡಿದ್ದು 12 ವರ್ಷದ ಹುಡುಗನೋ, 23 ವರ್ಷ ಪೊಲೀಸರ ಜೊತೆ ದಿನಾ ಕೂತೆದ್ದ ಅಧಿಕಾರಿಯೋ? ನನ್ನ ಓಟು ಎರಡನೆಯವರಿಗೆ.

ಸ್ವಂತ ಅನುಭವ ಒಂದೇ ದಿಕ್ಕಿಗೆ ಎಳೆಯಲ್ಲ ಅನ್ನೋದಕ್ಕೆ ಬಾಲ್ಟಿಮೋರ್ ನೋಡಿ. 2015ರ ಏಪ್ರಿಲ್‌ನಲ್ಲಿ ಫ್ರೆಡ್ಡಿ ಗ್ರೇ ಪೊಲೀಸ್ ವಶದಲ್ಲಿ ಗಾಯಗೊಂಡು ಸತ್ತ. ಗುಂಡಿನ ಕೇಸಲ್ಲ, ಆದರೆ ಪ್ರಶ್ನೆ ಅದೇ. ಅಲ್ಲಿನ ಪ್ರಾಸಿಕ್ಯೂಟರ್ ಮೆರಿಲಿನ್ ಮೋಸ್ಬಿ ಅವರದ್ದೂ ಪೊಲೀಸ್ ಮನೆತನ, ಅಪ್ಪ ಅಮ್ಮ ಅಜ್ಜ ಎಲ್ಲ. ಮೇ 1ಕ್ಕೇ ಆರು ಪೊಲೀಸರ ಮೇಲೆ ಕೇಸು ಹಾಕಿಬಿಟ್ಟರು. ಈ ಸಲ ಪಕ್ಷಪಾತ ಅಂತ ಕೂಗಿದ್ದು ಪೊಲೀಸ್ ಯೂನಿಯನ್ನು. ಅವರ ಗಂಡ ನಗರಸಭಾ ಸದಸ್ಯ, ಗ್ರೇ ಕುಟುಂಬದ ವಕೀಲರು ಅವರಿಗೆ ಚುನಾವಣಾ ದೇಣಿಗೆ ಕೊಟ್ಟವರು ಅಂತ. ಆರರಲ್ಲಿ ಒಂದೂ ಶಿಕ್ಷೆ ಆಗಲಿಲ್ಲ.

ನ್ಯೂಯಾರ್ಕ್ ಅದೇ ವರ್ಷ ಜುಲೈನಲ್ಲಿ ಬೇರೆ ದಾರಿ ಹಿಡಿಯಿತು. ನಿರಾಯುಧರು ಪೊಲೀಸರಿಂದ ಸತ್ತರೆ ಕೇಸು ಸ್ಥಳೀಯ ಪ್ರಾಸಿಕ್ಯೂಟರ್ ಹತ್ತಿರ ಬೇಡ, ರಾಜ್ಯದ ಅಟಾರ್ನಿ ಜನರಲ್‌ಗೆ ಹೋಗಲಿ ಅಂತ ಗವರ್ನರ್ ಆದೇಶ ಹೊರಡಿಸಿದರು. ಕ್ಯಾಲಿಫೋರ್ನಿಯಾ 2020ರಲ್ಲಿ ಕಾನೂನೇ ಮಾಡಿತು. ಒಬ್ಬೊಬ್ಬರ ಎದೆ ಬಗೆದು ನೋಡೋ ಬದಲು ಕುರ್ಚಿಯನ್ನೇ ದೂರ ಇಡೋ ಈ ಉಪಾಯ ನನಗೆ ಸರಿ ಕಾಣುತ್ತೆ. ಆದರೆ ಆ ಅಟಾರ್ನಿ ಜನರಲ್ ಕೂಡ ಓಟಿಗೆ ನಿಲ್ಲುವವರೇ, ಅದು ಬೇರೆ ಮಾತು.

ಸೇಂಟ್ ಲೂಯಿಸ್ ಜನ ಮಾತ್ರ ಓಟಿನಲ್ಲೇ ಉತ್ತರ ಕೊಟ್ಟರು. 2018ರ ಆಗಸ್ಟ್‌ನಲ್ಲಿ ಪಕ್ಷದೊಳಗಿನ ಚುನಾವಣೆಯಲ್ಲೇ ಮೆಕಲಕ್ ಸೋತರು. ಗೆದ್ದವರು ಫರ್ಗ್ಯುಸನ್‌ನ ನಗರಸಭಾ ಸದಸ್ಯ, ಕಪ್ಪು ಜನಾಂಗದ ವೆಸ್ಲಿ ಬೆಲ್. ಇವರ ಅಪ್ಪನೂ ಪೊಲೀಸ್! ಬೆಲ್ ಅಧಿಕಾರಕ್ಕೆ ಬರೋಕೆ ಎರಡು ವಾರ ಇದ್ದಾಗ ಆ ಕಚೇರಿಯ ಕಿರಿಯ ಪ್ರಾಸಿಕ್ಯೂಟರ್‌ಗಳು ಓಟು ಹಾಕಿ ಒಂದು ಯೂನಿಯನ್ ಸೇರಿದರು. ಯಾವುದು ಅಂತೀರಿ? ಸೇಂಟ್ ಲೂಯಿಸ್ ಪೊಲೀಸ್ ಅಧಿಕಾರಿಗಳ ಯೂನಿಯನ್ನು. ಅವರಲ್ಲಿ ಯಾರ ಅಪ್ಪ ಏನಾಗಿದ್ದರೋ, ಅದನ್ನ ಯಾರೂ ಕೇಳೋ ಅಗತ್ಯವೇ ಬೀಳಲಿಲ್ಲ.

ಬೆಲ್ ಕೇಸನ್ನ ಮತ್ತೆ ತೆಗೆದು, ಐದು ತಿಂಗಳು ಕಡತ ಓದಿಸಿ, 2020ರ ಜುಲೈ 30ರಂದು ಮಾಧ್ಯಮದ ಮುಂದೆ ನಿಂತರು. ಮಿಸೌರಿಯ ಕಾನೂನಿನಡಿ ವಿಲ್ಸನ್ ಮಾಡಿದ್ದು ಕೊಲೆ ಅಂತ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡೋಕೆ ತನ್ನಿಂದ ಆಗಲ್ಲ, ಹಾಗಂತ ಆತ ನಿರ್ದೋಷಿ ಅಂತಲೂ ತಾನು ಹೇಳ್ತಿಲ್ಲ ಅಂದರು. ಜನರಿಂದ ಆರಿಸಿ ಬಂದ ಮೇಲೆ ತಾನು ಮಾಡಬೇಕಾಗಿ ಬಂದ ತೀರಾ ಕಷ್ಟದ ಕೆಲಸಗಳಲ್ಲಿ ಇದೂ ಒಂದು ಅಂತ ಸೇರಿಸಿದರು.