ಶಿಶುವಿನ ಪುಡಿ ಹಾಲು: ನೀರು ಕುದಿಸಿದರಷ್ಟೇ ಸಾಲದು

ವಿಜಯಪುರದಿಂದ ಅಥಣಿಯತ್ತ ಸಾಗುವ ರಸ್ತೆಯಲ್ಲಿರುವ ತಿಕೋಟಾ ಈಗ ತಾಲೂಕು ಕೇಂದ್ರ. ಘೋಣಸಗಿ ಇದೇ ಸೀಮೆಯ ಗ್ರಾಮ. ದ್ರಾಕ್ಷಿ ಹಾಗೂ ಒಣದ್ರಾಕ್ಷಿಗೆ ಹೆಸರಾದ ಈ ಭಾಗ ನೀರಿನ ಅಭಾವಕ್ಕೂ ಅಷ್ಟೇ ಹೆಸರಾಗಿತ್ತು. ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ ಕೃಷ್ಣೆಯ ನೀರು ಇತ್ತ ಹರಿಯುವ ಮುನ್ನ ಹೊಲಕ್ಕೂ ಮನೆಗೂ ಕೊಳವೆಬಾವಿಯೇ ಮುಖ್ಯ ಆಸರೆ. ಜಿಲ್ಲೆಯಲ್ಲಿ ಹರಿಯುವ ಡೋಣಿ ನದಿಯ ನೀರು ಉಪ್ಪು. ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಮತ್ತು ನೈಟ್ರೇಟ್ ಅಂಶ ಮಿತಿ ಮೀರಿರುವುದು ದಾಖಲಾಗಿದೆ. ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸಾಮಾನ್ಯ.

ತಾಯಿಯ ಹಾಲು ದೊರೆಯದ ಹಸುಗೂಸಿಗೆ ಪುಡಿ ಹಾಲು ಕಲಸಿ ಕೊಡಬೇಕಾದ ಮನೆಯವರು ಈ ಎಲ್ಲ ಸಂಗತಿಗಳನ್ನು ಗಮನದಲ್ಲಿಡಬೇಕಾಗುತ್ತದೆ. ನೀರನ್ನು ಕುದಿಸಿದರೆ ಎಲ್ಲವೂ ಸರಿಹೋಯಿತೆಂಬ ನಂಬಿಕೆ ವ್ಯಾಪಕವಾಗಿದೆ. ಕುದಿಸುವಿಕೆ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ. ಕರಗಿದ ಲವಣಗಳನ್ನು ತೆಗೆಯುವುದಿಲ್ಲ. ಈ ಎರಡು ಅಪಾಯಗಳಿಗೆ ಎರಡು ಬೇರೆ ಬೇರೆ ಪರಿಹಾರಗಳಿವೆ.

ಯಾವಾಗ ಅಗತ್ಯ?

ಮೊದಲ 6 ತಿಂಗಳು ಮಗುವಿಗೆ ತಾಯಿಯ ಹಾಲನ್ನಷ್ಟೇ ನೀಡಬೇಕು, ಆ ಬಳಿಕ ಪೂರಕ ಆಹಾರದೊಂದಿಗೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲೂಡಿಸುವುದನ್ನು ಮುಂದುವರಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ತಾಯಿ ತೀರಿಕೊಂಡಾಗ, ತೀವ್ರ ಅಸ್ವಸ್ಥಳಾದಾಗ, ಕೆಲವು ನಿರ್ದಿಷ್ಟ ಔಷಧ ಸೇವಿಸುವಾಗ ಅಥವಾ ಮಗುವಿಗೆ ಅಪರೂಪದ ಜನ್ಮಜಾತ ಕಾಯಿಲೆ ಇದ್ದಾಗ ಪುಡಿ ಹಾಲು ಅನಿವಾರ್ಯವಾಗಬಹುದು. ಹಾಲು ಸಾಲದೆಂಬ ಅನುಮಾನದಿಂದಲೇ ಡಬ್ಬಿ ತರುವ ಮುನ್ನ ವೈದ್ಯರನ್ನು ಅಥವಾ ಆಶಾ ಕಾರ್ಯಕರ್ತೆಯರನ್ನು ಕಾಣುವುದು ಒಳಿತು. ಮಗುವನ್ನು ಪದೇಪದೇ ಎದೆಗೆ ಹಚ್ಚುವುದರಿಂದ ಹಾಲು ಹೆಚ್ಚುತ್ತದೆ. ಬಾಟಲಿ ಹೆಚ್ಚಿದಷ್ಟೂ ಅದು ಇಳಿಯುತ್ತದೆ.

ಅವಧಿಗೆ ಮುನ್ನ ಜನಿಸಿದ ಶಿಶುಗಳಿಗೆ ದಾನಿ ತಾಯಂದಿರ ಹಾಲು ಇನ್ನೊಂದು ಮಾರ್ಗ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಆರಂಭವಾದ ಎದೆಹಾಲಿನ ಬ್ಯಾಂಕ್ ಏಷ್ಯಾದಲ್ಲೇ ಮೊದಲನೆಯದು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಇಂತಹ ಸರ್ಕಾರಿ ಬ್ಯಾಂಕ್ ಕಾರ್ಯಾರಂಭ ಮಾಡಿತು.

ಕಾನೂನಿನ ಹಿನ್ನೆಲೆ

ಶುದ್ಧ ನೀರು, ಉರುವಲು, ಹಣ ಮೂರಕ್ಕೂ ಕೊರತೆಯಿದ್ದ ದೇಶಗಳಲ್ಲಿ ಪುಡಿ ಹಾಲಿನ ಭರಾಟೆಯ ಪ್ರಚಾರದಿಂದ ಶಿಶುಗಳು ಭೇದಿ ಮತ್ತು ಅಪೌಷ್ಟಿಕತೆಗೆ ಬಲಿಯಾಗುತ್ತಿರುವುದು 1970ರ ದಶಕದಲ್ಲಿ ಜಗತ್ತಿನ ಗಮನ ಸೆಳೆಯಿತು. ಇದರ ಫಲವಾಗಿ 1981ರಲ್ಲಿ ವಿಶ್ವ ಆರೋಗ್ಯ ಸಭೆಯು ಮಾರಾಟ ಸಂಹಿತೆಯೊಂದನ್ನು ಅಂಗೀಕರಿಸಿತು. ಭಾರತ 1992ರಲ್ಲಿ ಶಿಶು ಹಾಲಿನ ಬದಲಿಗಳು, ಹಾಲೂಡಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ನಿಯಂತ್ರಣ ಕಾಯ್ದೆಯನ್ನು ರೂಪಿಸಿ, 2003ರಲ್ಲಿ ತಿದ್ದುಪಡಿಯ ಮೂಲಕ ಅದನ್ನು ಬಿಗಿಗೊಳಿಸಿತು. ಈ ಕಾಯ್ದೆಯ ಪ್ರಕಾರ ಇವುಗಳ ಜಾಹೀರಾತು ಹಾಗೂ ಉಚಿತ ಮಾದರಿ ವಿತರಣೆ ನಿಷಿದ್ಧ. ತಾಯಿಯ ಹಾಲೇ ಶ್ರೇಷ್ಠವೆಂಬ ಸೂಚನೆ ಡಬ್ಬಿಯ ಮೇಲೆ ಕಡ್ಡಾಯ. ಮಗುವಿನ ಅಥವಾ ಮಹಿಳೆಯ ಚಿತ್ರ ಮುದ್ರಿಸುವಂತಿಲ್ಲ. ಬಾಟಲಿಗಳು ಭಾರತೀಯ ಮಾನಕ ಬ್ಯೂರೋದ ಗುರುತು ಹೊಂದಿರಲೇಬೇಕು.

ಮೊದಲ ಪ್ರಶ್ನೆ: ಯಾವ ನೀರು?

ಪುಡಿ ಹಾಲನ್ನೇ ಕುಡಿಯುವ ಮಗುವಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 150 ಮಿಲಿಲೀಟರ್ ಹಾಲು ಬೇಕಾಗುತ್ತದೆ. 60 ಕಿಲೋ ತೂಕದ ವಯಸ್ಕರು ದಿನಕ್ಕೆ 3 ಲೀಟರ್ ನೀರು ಕುಡಿದರೂ ಪ್ರತಿ ಕಿಲೋ ತೂಕಕ್ಕೆ 50 ಮಿಲಿಲೀಟರ್ ಆಯಿತು. ಅಂದರೆ ದೇಹದ ತೂಕಕ್ಕೆ ಹೋಲಿಸಿದರೆ ಶಿಶುವಿನ ಒಡಲು ಸೇರುವ ನೀರು ದೊಡ್ಡವರ ಸುಮಾರು ಮೂರು ಪಟ್ಟು. ನೀರಿನಲ್ಲಿರುವ ದೋಷವೂ ಅದೇ ಪ್ರಮಾಣದಲ್ಲಿ ಸೇರುತ್ತದೆ.

ಕುಡಿಯುವ ನೀರಿನ ಭಾರತೀಯ ಮಾನದಂಡದಂತೆ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ವಿನಾಯಿತಿಯುಂಟು. ಇದು ಮೀರಿದರೆ ಒಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲುಗಳ ಮೇಲೆ ಶಾಶ್ವತ ಕಲೆಗಳು ಉಳಿಯಬಹುದು. ನೈಟ್ರೇಟ್‌ನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಹೊಲಕ್ಕೆ ಹಾಕಿದ ಗೊಬ್ಬರ, ತಿಪ್ಪೆಗುಂಡಿ ಮತ್ತು ಶೌಚದ ಗುಂಡಿಗಳಿಂದ ನೆಲದೊಳಗೆ ಇಳಿಯುವ ಈ ಅಂಶವು 6 ತಿಂಗಳೊಳಗಿನ ಶಿಶುವಿನ ರಕ್ತದ ಆಮ್ಲಜನಕ ಹೊರುವ ಶಕ್ತಿಯನ್ನು ಕುಂದಿಸಬಲ್ಲದು. ತುಟಿ, ಉಗುರು ನೀಲಿಯಾಗುವುದು ಇದರ ಲಕ್ಷಣ. ವಿಳಂಬಿಸಿದರೆ ಪ್ರಾಣಕ್ಕೇ ಕುತ್ತು.

ಈ ಎರಡೂ ಅಂಶಗಳು ಕುದಿಸಿದರೆ ಹೋಗುವುದಿಲ್ಲ. ಹೆಚ್ಚು ಹೊತ್ತು ಕುದಿಸಿದಷ್ಟೂ ನೀರು ಆವಿಯಾಗಿ, ಉಳಿದ ನೀರಿನಲ್ಲಿ ಲವಣದ ಸಾಂದ್ರತೆ ಏರುತ್ತದೆ. ಆದ್ದರಿಂದ ಕೊಳವೆಬಾವಿಯ ನೀರನ್ನು ಬಳಸುವ ಮುನ್ನ ಪರೀಕ್ಷೆ ಮಾಡಿಸುವುದು ಅವಶ್ಯ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಅಡಿಯಲ್ಲಿ ಗ್ರಾಮದ ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡುವ ವ್ಯವಸ್ಥೆ ಮಾಡಲಾಯಿತು; ಗ್ರಾಮೀಣ ಕುಡಿಯುವ ನೀರು ಸರಬರಾಜು ಇಲಾಖೆಯ ಪ್ರಯೋಗಾಲಯಗಳೂ ಇವೆ. ಶುದ್ಧೀಕರಿಸಿದ ನದಿ ನೀರಿನ ನಳ ಇದ್ದಲ್ಲಿ ಅದನ್ನು ಬಳಸಬಹುದು. ಇಲ್ಲದಿದ್ದರೆ, ಚೆನ್ನಾಗಿ ನಿರ್ವಹಣೆಗೊಂಡ ಆರ್‌ಓ ಶುದ್ಧ ನೀರಿನ ಘಟಕದ ನೀರು ಲವಣದ ದೃಷ್ಟಿಯಿಂದ ಮೇಲು.

ಆದರೆ ಘಟಕದಿಂದ ತಂದ 20 ಲೀಟರ್ ಕ್ಯಾನ್ ತೊಳೆಯದೆ ಬಳಸಿದ್ದರೆ ಅದರಲ್ಲೇ ಸೂಕ್ಷ್ಮಾಣು ಬೆಳೆದಿರುತ್ತದೆ. ಆರ್‌ಓ ನೀರನ್ನಾಗಲಿ, ಅಂಗಡಿಯ ಬಾಟಲಿ ನೀರನ್ನಾಗಲಿ ಕುದಿಸದೆ ಶಿಶುವಿಗೆ ಬಳಸಬಾರದು.

ಪುಡಿಯೂ ಸೂಕ್ಷ್ಮಾಣುಮುಕ್ತವಲ್ಲ

ಮುಚ್ಚಳ ಒಡೆಯದ ಡಬ್ಬಿಯ ಪುಡಿ ಪೂರ್ಣ ನಿರ್ಮಲವೆಂದು ಬಹುತೇಕರು ಭಾವಿಸುತ್ತಾರೆ. ಅದು ಸರಿಯಲ್ಲ. ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣ ಪುಡಿಯಲ್ಲಿ ಬಹುಕಾಲ ಜೀವ ಹಿಡಿದಿರಬಲ್ಲದು. ಸಾಲ್ಮೊನೆಲ್ಲಾ ಕೂಡ ಕಂಡುಬಂದಿದೆ. ಕ್ರೋನೋಬ್ಯಾಕ್ಟರ್ ಸೋಂಕು ಅಪರೂಪ, ಆದರೆ ತಗುಲಿದರೆ ರಕ್ತದ ನಂಜು ಹಾಗೂ ಮಿದುಳು ಪೊರೆಯ ಉರಿಯೂತಕ್ಕೆ ಕಾರಣವಾಗುತ್ತದೆ. 2 ತಿಂಗಳೊಳಗಿನವರು, ಅವಧಿಗೆ ಮುನ್ನ ಹುಟ್ಟಿದವರು ಮತ್ತು ಕಡಿಮೆ ತೂಕದ ಶಿಶುಗಳಿಗೆ ಅಪಾಯ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಮತ್ತು ಕೃಷಿ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಮುಖ್ಯ ಸೂಚನೆ ಈ ಕಾರಣಕ್ಕೇ ಹುಟ್ಟಿದ್ದು: ಪುಡಿ ಬೆರೆಸುವ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು. ಉಗುರುಬೆಚ್ಚಗಿನ ನೀರು ಪುಡಿಯಲ್ಲಿರುವ ಸೂಕ್ಷ್ಮಾಣುವನ್ನು ಕೊಲ್ಲದೆ, ಅದು ಬೆಳೆಯಲು ಅನುಕೂಲ ಮಾಡಿಕೊಡುತ್ತದೆ. ಕೆಲವು ಡಬ್ಬಿಗಳ ಮೇಲೆ ನೀರನ್ನು ಉಗುರುಬೆಚ್ಚಗಾಗುವವರೆಗೆ ಆರಿಸುವಂತೆ ಸೂಚನೆ ಇರುತ್ತದೆ. ಅಂತಹ ಸಂದರ್ಭದಲ್ಲಿ, ಅದರಲ್ಲೂ ಎಳೆಯ ಶಿಶುವಿದ್ದರೆ, ವೈದ್ಯರನ್ನು ಕೇಳಿ ನಿರ್ಧರಿಸಬೇಕು.

ಬಾಟಲಿಯ ಶುದ್ಧೀಕರಣ

ಮೊದಲು ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಬಾಟಲಿ, ನಿಪ್ಪಲ್, ಉಂಗುರ, ಮುಚ್ಚಳಗಳನ್ನು ಬಿಡಿಬಿಡಿಯಾಗಿ ಬಿಚ್ಚಿ, ಬಿಸಿ ಸಾಬೂನು ನೀರಿನಲ್ಲಿ ಬಾಟಲಿ ಬ್ರಷ್‌ನಿಂದ ಉಜ್ಜಿ, ಹಾಲಿನ ಜಿಡ್ಡು ಒಂದಿಷ್ಟೂ ಉಳಿಯದಂತೆ ತೊಳೆದು ಜಾಲಾಡಬೇಕು. ಜಿಡ್ಡು ಉಳಿದರೆ ಎಷ್ಟು ಕುದಿಸಿದರೂ ಪ್ರಯೋಜನವಿಲ್ಲ. ನಿಪ್ಪಲ್ಲಿನ ತೂತಿನಿಂದ ನೀರು ಹಿಂಡಿ ತೆಗೆಯುವುದನ್ನು ಮರೆಯಬಾರದು.

ನಂತರ ದೊಡ್ಡ ಪಾತ್ರೆಯಲ್ಲಿ ಎಲ್ಲ ಭಾಗಗಳೂ ಪೂರ್ತಿ ಮುಳುಗುವಷ್ಟು ನೀರು ಹಾಕಿ, ಒಳಗೆ ಗಾಳಿ ಗುಳ್ಳೆ ನಿಲ್ಲದಂತೆ ಇರಿಸಿ, ಮುಚ್ಚಳ ಮುಚ್ಚಿ, ನೀರು ಕೊತಕೊತನೆ ಕುದಿಯತೊಡಗಿದ ಮೇಲೆ 10 ನಿಮಿಷ ಕುದಿಸಬೇಕು. ಬಳಸುವವರೆಗೆ ಮುಚ್ಚಳ ತೆರೆಯದಿರುವುದು ಉತ್ತಮ. ತೆಗೆಯುವಾಗ ಅದರೊಂದಿಗೇ ಕುದಿಸಿದ ಇಕ್ಕಳ ಬಳಸಬೇಕು. ಸೀರೆಯ ಸೆರಗಿನಿಂದಾಗಲಿ, ಅಡುಗೆಮನೆಯ ಬಟ್ಟೆಯಿಂದಾಗಲಿ ಒರೆಸಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಗಡಸು ನೀರಿನಿಂದ ಬಾಟಲಿಯ ಒಳಮೈಗೆ ಬಿಳಿ ಪೊರೆ ಕಟ್ಟಿದರೆ ಅದನ್ನು ಉಜ್ಜಿ ತೆಗೆಯಬೇಕು. ಬಿರುಕು ಬಿಟ್ಟ ಬಾಟಲಿ, ಅಂಟುವ ಅಥವಾ ಹಿಗ್ಗಿದ ನಿಪ್ಪಲ್ಲುಗಳನ್ನು ಬಿಸಾಡಬೇಕು.

ಬಾಟಲಿಗಿಂತ ಬಟ್ಟಲು-ಚಮಚವೇ ಮೇಲೆಂಬುದು ಶಿಶು ಆರೋಗ್ಯ ತಜ್ಞರ ಸಲಹೆ. ಮೂಲೆಗಳಿಲ್ಲದ ಸ್ಟೀಲ್ ಬಟ್ಟಲನ್ನು ತೊಳೆಯುವುದು, ಕುದಿಸುವುದು ಸುಲಭ. ಅಜ್ಜಿಯರ ಕಾಲದ ಒಳಲೆಯೂ ಇದೇ ಗುಣದ್ದು. ಒಳಲೆಯಿಂದ ಕುಡಿಸುವಾಗ ಮಗುವನ್ನು ತಲೆಯೆತ್ತಿ ಹಿಡಿದು, ಸ್ವಲ್ಪ ಸ್ವಲ್ಪವೇ ತುಟಿಗೆ ತಾಗಿಸಬೇಕು, ಗಂಟಲಿಗೆ ಸುರಿಯಬಾರದು.

ಹಾಲು ಕಲಸುವ ಕ್ರಮ

ಕನಿಷ್ಠ 1 ಲೀಟರ್ ನೀರನ್ನು ಕುದಿಸಿ, ಮುಚ್ಚಿಟ್ಟು, 30 ನಿಮಿಷದೊಳಗೆ ಬಳಸಿದರೆ ಅದು ಸಾಮಾನ್ಯವಾಗಿ 70 ಡಿಗ್ರಿಗಿಂತ ಮೇಲಿರುತ್ತದೆ. ಚಿಕ್ಕ ಪಾತ್ರೆಯ ಒಂದು ಲೋಟ ನೀರು ಇದಕ್ಕಿಂತ ಬೇಗ ಆರುತ್ತದೆ. ಅಳತೆಯ ನೀರನ್ನು ಮೊದಲು ಹಾಕಿ, ಆಮೇಲೆ ಪುಡಿ ಬೆರೆಸಬೇಕು. ಅದೇ ಡಬ್ಬಿಯ ಚಮಚವನ್ನು ಬಳಸಿ, ಶುಚಿಯಾದ ಚಾಕುವಿನ ಬೆನ್ನಿನಿಂದ ಮಟ್ಟ ಮಾಡಬೇಕು; ಒತ್ತಿ ತುಂಬಬಾರದು. ನಮ್ಮಲ್ಲಿ ಮಾರಾಟವಾಗುವ ಬಹಳಷ್ಟು ಪುಡಿಗಳಲ್ಲಿ 30 ಮಿಲಿಲೀಟರ್ ನೀರಿಗೆ 1 ಚಮಚ ಎಂದಿದ್ದರೂ ಡಬ್ಬಿಯ ಮೇಲಿನ ಅಳತೆಯೇ ಅಂತಿಮ.

ಕಲಸಿದ ಬಳಿಕ ಬಾಟಲಿಯನ್ನು ತಣ್ಣೀರಿನ ಪಾತ್ರೆಯಲ್ಲಿ, ನೀರು ಮುಚ್ಚಳದವರೆಗೆ ಬಾರದಂತೆ ಇರಿಸಿ ಆರಿಸಬೇಕು. ಮುಂಗೈಯ ಒಳಭಾಗಕ್ಕೆ ಒಂದೆರಡು ಹನಿ ಹಾಕಿ, ಸುಡುತ್ತಿಲ್ಲವೆಂದು ಖಚಿತಪಡಿಸಿಕೊಂಡೇ ಕುಡಿಸಬೇಕು. ಬಿಸಿ ನೀರು ಬಳಸುವ ಈ ವಿಧಾನದಲ್ಲಿ ಬಾಯಿ ಸುಡುವ ಅಪಾಯವಿರುವುದರಿಂದ ಈ ಹಂತ ಬಹು ಮುಖ್ಯ.

ಕಲಸಿದ ಹಾಲನ್ನು 2 ಗಂಟೆಯೊಳಗೆ ಮುಗಿಸಬೇಕು. ಮಗು ಕುಡಿದು ಬಿಟ್ಟದ್ದನ್ನು ಮತ್ತೆ ಬಳಸಬಾರದು. ವಿಜಯಪುರದ ಬೇಸಿಗೆಯಲ್ಲಿ ಸೂಕ್ಷ್ಮಾಣುಗಳು ಇನ್ನೂ ವೇಗವಾಗಿ ಬೆಳೆಯುವುದರಿಂದ ಪ್ರತಿ ಸಲ ಹೊಸದಾಗಿ ಕಲಸುವುದೇ ಸುರಕ್ಷಿತ. ಫ್ರಿಜ್‌ನಲ್ಲಿ 5 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿ 24 ಗಂಟೆ ಇಡಬಹುದೆಂಬ ನಿಯಮವಿದ್ದರೂ ವಿದ್ಯುತ್ ಕೈಕೊಡುವ ಕಡೆ ಅದನ್ನು ನೆಚ್ಚುವಂತಿಲ್ಲ. ರಾತ್ರಿಗೆ ಅಥವಾ ಪ್ರಯಾಣಕ್ಕೆ, ಕುದಿಸಿದ ನೀರನ್ನು ಶುಚಿಯಾದ ಥರ್ಮಾಸ್ ಫ್ಲಾಸ್ಕಿನಲ್ಲಿ, ಅಳೆದ ಪುಡಿಯನ್ನು ಒಣ ಡಬ್ಬಿಯಲ್ಲಿ ಪ್ರತ್ಯೇಕವಾಗಿ ಒಯ್ಯುವುದು ಸೂಕ್ತ.

ನೀರು ಹೆಚ್ಚಿಸುವ ಅಪಾಯ

5 ಕಿಲೋ ತೂಕದ ಮಗುವಿಗೆ ದಿನಕ್ಕೆ ಸುಮಾರು 750 ಮಿಲಿಲೀಟರ್ ಹಾಲು ಬೇಕು. ಚಮಚಕ್ಕೆ ನಾಲ್ಕೂವರೆ ಗ್ರಾಂನಂತೆ ಲೆಕ್ಕ ಹಾಕಿದರೆ 400 ಗ್ರಾಂ ಡಬ್ಬಿ 4 ದಿನವೂ ಬಾರದು. ತಿಂಗಳಿಗೆ 8 ಡಬ್ಬಿ ಬೇಕಾಗುತ್ತದೆ. ಕೂಲಿಯ ಮನೆಗೆ ಇದು ದೊಡ್ಡ ಹೊರೆ. ಡಬ್ಬಿ ಇನ್ನೆರಡು ದಿನ ಬರಲೆಂದು ನೀರು ಹೆಚ್ಚಿಸುವ ರೂಢಿ ಬೆಳೆಯುವುದು ಇಲ್ಲಿಯೇ. ಹೊಟ್ಟೆ ತುಂಬಿದಂತೆ ಕಂಡರೂ ಮಗು ಸೊರಗುತ್ತದೆ. ರಕ್ತದ ಸೋಡಿಯಂ ಕುಸಿದು ಸೆಳೆತ ಬರಲೂಬಹುದು. ಬೇಗ ತೂಕ ಬರಲೆಂದು ಪುಡಿ ಹೆಚ್ಚು ಹಾಕುವುದೂ ತಪ್ಪು. ಅದರಿಂದ ದೇಹದ ನೀರಿನಂಶ ಕುಗ್ಗಿ, ಎಳೆಯ ಮೂತ್ರಪಿಂಡಗಳಿಗೆ ಭಾರವಾಗುತ್ತದೆ. ಖರ್ಚು ನಿಭಾಯಿಸಲಾಗದಿದ್ದಲ್ಲಿ ಅದನ್ನು ಮುಚ್ಚಿಡದೆ ಆರೋಗ್ಯ ಕೇಂದ್ರದಲ್ಲಿ ತಿಳಿಸುವುದು ಮಗುವಿನ ಹಿತಕ್ಕೆ ಅಗತ್ಯ.

ಮಗು ಹಾಲು ಬಿಟ್ಟರೆ, ಜಡವಾಗಿ ಮಲಗಿದರೆ, ಜ್ವರ ಅಥವಾ ಸೆಳೆತ ಬಂದರೆ, ತುಟಿ ನೀಲಿಯಾದರೆ, ಭೇದಿಯಾಗಿ ಮೂತ್ರ ಕಡಿಮೆಯಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು.

ತಾಯಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೂ ಆಕೆಯ ಹಾಲಿಗೆ ಅದು ಇಳಿಯುವುದು ಅತ್ಯಲ್ಪ. ಉಪ್ಪು ನೀರಿನ ಸೀಮೆಯಲ್ಲಿ ತಾಯಿಯ ದೇಹವೇ ಮಗುವಿಗೆ ಶೋಧಕ. ಆ ಆಸರೆ ತಪ್ಪಿದ ಶಿಶುವಿಗೆ ಪರೀಕ್ಷಿಸಿದ ನೀರು, ಕುದಿಸಿದ ಬಟ್ಟಲು, ಸರಿಯಾದ ಅಳತೆ ಮತ್ತು ಆಗಷ್ಟೇ ಕಲಸಿದ ಹಾಲು, ಈ ನಾಲ್ಕೂ ಒಟ್ಟಿಗೆ ದೊರೆಯಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಉಳಿದ ಮೂರು ಅದರ ಕೊರತೆಯನ್ನು ತುಂಬಲಾರವು.